ಇನಾಂಗಾಂವ್ ಮನೆ ಕಟ್ಟಿದೆ, ಆಮೇಲೆ ಅದರ ನೆಲ ಕೊಯ್ದೆ

ಹಳೇ ಕಾಲದ ಊರಿನ ಮಾದರಿ ಮಾಡಿಕೊಡಿ ಅಂತ ಯಾರಾದರೂ ಬಂದರೆ ಅವರ ತಲೆಯಲ್ಲಿರುವುದು ಹರಪ್ಪ, ಇಲ್ಲಾ ಮೊಹೆಂಜೊದಾರೊ. ಇಟ್ಟಿಗೆ ಗೋಡೆ, ಸ್ನಾನದ ಕೊಳ, ನೇರ ರಸ್ತೆ. ಥರ್ಮೋಕೋಲ್ ಕತ್ತರಿಸಿ ಬಣ್ಣ ಹೊಡೆದು ಕೊಟ್ಟರೆ ಕೆಲಸ ಮುಗೀತು. ಮಾದರಿ ಮಾಡುವುದೇ ನನ್ನ ಹೊಟ್ಟೆಪಾಡು, ಅಂಥವು ಬೇಕಾದಷ್ಟು ಮಾಡಿದ್ದೇನೆ. ಧಾರವಾಡದ ಕಡೆಯ ಒಂದು ಶಾಲೆಯವರು ಮಾತ್ರ ಬೇರೆಯದನ್ನೇ ಕೇಳಿದರು. ಆಗಿನ ಆರನೇ ತರಗತಿಯ ಇತಿಹಾಸ ಪುಸ್ತಕದಲ್ಲಿ ಇನಾಂಗಾಂವ್ ಅಂತ ಒಂದು ಹಳ್ಳಿ ಬರುತ್ತಿತ್ತು. ಅಲ್ಲಿನ ಒಂದು ಮನೆಯನ್ನು ಮಕ್ಕಳು ಒಳಗೆ ಹೋಗಿ ನಿಲ್ಲುವ ಅಳತೆಯಲ್ಲೇ ಕಟ್ಟಬೇಕು, ಸತ್ತವರನ್ನು ಹೇಗೆ ಹೂಳುತ್ತಿದ್ದರು ಅನ್ನುವುದೂ ಕಾಣಬೇಕು, ಅಷ್ಟೇ. ಕೇಳಿದ್ದು ಅಲ್ಲಿನ ಸಮಾಜ ವಿಜ್ಞಾನದ ಮೇಡಂ. ದುಡ್ಡು ಕೊಡುವ ಆಡಳಿತದವರಿಗೆ ಈ ಹೂಳುವ ಭಾಗ ಅಷ್ಟೇನೂ ಹಿಡಿಸಿರಲಿಲ್ಲ, ಅದು ಆಮೇಲೆ ಗೊತ್ತಾಯಿತು.

ಊರಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಇನಾಂಗಾಂವ್ ಇರುವುದು ಪುಣೆ ಜಿಲ್ಲೆಯ ಶಿರೂರು ತಾಲೂಕಿನಲ್ಲಿ, ಘೋಡ್ ನದಿಯ ದಂಡೆಯ ಮೇಲೆ. ಘೋಡ್ ಹೋಗಿ ಭೀಮೆಗೆ ಸೇರುತ್ತದೆ. ಮುಂದೆ ನಮ್ಮ ವಿಜಯಪುರ, ಕಲಬುರಗಿ ಕಡೆ ಹರಿಯುವ ಅದೇ ಭೀಮೆ. ಪುಣೆಯ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಇಲ್ಲಿ ಅಗೆದರು. ಪುರಾತತ್ವಜ್ಞರಾದ ಸಂಕಾಲಿಯಾ, ಅನ್ಸಾರಿ, ಢವಳಿಕರ್ ಇವರೆಲ್ಲ ಕೆಲಸ ಮಾಡಿದ ಜಾಗ. ನಮ್ಮ ದೇಶದಲ್ಲಿ ಒಂದು ಹಳ್ಳಿಯನ್ನು ಇಷ್ಟು ಅಗಲಕ್ಕೆ, ಇಷ್ಟು ತಾಳ್ಮೆಯಿಂದ ಅಗೆದದ್ದು ಕಡಿಮೆ. ನೂರಕ್ಕೂ ಜಾಸ್ತಿ ಮನೆಗಳು ಸಿಕ್ಕವು, ಇನ್ನೂರಕ್ಕೂ ಜಾಸ್ತಿ ಸಮಾಧಿಗಳು ಸಿಕ್ಕವು. ಕ್ರಿ.ಪೂ. 1600ರ ಸುಮಾರಿಗೆ ಶುರುವಾದ ಊರು ಕ್ರಿ.ಪೂ. 700ರ ಹೊತ್ತಿಗೆ ಬರಿದಾಯಿತು. ಕೊನೆಯ ಮುನ್ನೂರು ವರ್ಷ ಕಷ್ಟದ ಕಾಲ. ಮಳೆ ಕಡಿಮೆಯಾಗಿ, ಬೇಸಾಯ ಸೊರಗಿ, ದೊಡ್ಡ ಚೌಕದ ಮನೆಗಳ ಜಾಗದಲ್ಲಿ ಚಿಕ್ಕ ದುಂಡು ಗುಡಿಸಲುಗಳು ಬಂದಿದ್ದವು. ನಾನು ಆರಿಸಿಕೊಂಡದ್ದು ಅದಕ್ಕಿಂತ ಹಿಂದಿನ, ಕ್ರಿ.ಪೂ. 1400ರಿಂದ 1000ದ ನಡುವಿನ ಮನೆ. ಊರು ಚೆನ್ನಾಗಿ ಉಂಡುಟ್ಟು ಇದ್ದ ಕಾಲ ಅದು.

ಇಂಥ ಕೆಲಸದಲ್ಲಿ ನಾನು ಮೊದಲು ಮಾಡುವುದು ಒಂದು ಹಾಳೆಯ ಮೇಲೆ ಮಣ್ಣಿನಲ್ಲಿ ನಿಜವಾಗಿ ಏನು ಸಿಕ್ಕಿತು ಅಂತ ಬರೆದುಕೊಳ್ಳುವುದು. ನೆಲ ಸಿಕ್ಕಿದೆ. ಕಂಬ ನೆಟ್ಟ ಗುಂಡಿಗಳು ಸಿಕ್ಕಿವೆ. ಒಲೆ, ಕಾಳಿನ ಗುಂಡಿ, ಮಡಕೆ ಚೂರು, ಮೂಳೆ, ಕಲ್ಲಿನ ಅಲಗು, ಸುಟ್ಟು ಕರಕಾದ ಕಾಳು. ಗೋಡೆ ಅಂದರೆ ಬುಡದ ಮಣ್ಣು ಅಷ್ಟೇ. ಮೇಲಿನ ತಡಿಕೆ ಕೊಳೆತು ಹೋಗಿದೆ. ಚಾವಣಿಯಂತೂ ಇಲ್ಲವೇ ಇಲ್ಲ. ಹಾಗಾಗಿ ನಾನು ಅರ್ಧ ಮನೆಗೆ ಮಾತ್ರ ಹುಲ್ಲು ಹೊದಿಸಿದೆ, ಉಳಿದರ್ಧ ಬರೀ ಕಂಬ ಮತ್ತು ಗಳು. ಫೋಟೋಗೆ ಚೆಂದ ಕಾಣಲ್ಲ, ಪೂರ್ತಿ ಹೊದಿಸಿ ಅಂದರು ಆಡಳಿತದವರು. ಅರ್ಧ ಬಿಟ್ಟರೆ ಒಳಗೆ ಬೆಳಕು ಬರುತ್ತದೆ, ಲೈಟಿನ ಖರ್ಚು ಉಳಿಯುತ್ತದೆ ಅಂದೆ. ಒಪ್ಪಿದರು.

ಗೋಡೆಗೆ ಬಿದಿರು ಸೀಳಿ ತಡಿಕೆ ಹೆಣೆದು ಎರಡೂ ಕಡೆ ಮಣ್ಣು ಮೆತ್ತಿದೆವು. ಇನಾಂಗಾಂವ್ ಕಪ್ಪು ಮಣ್ಣಿನ ಸೀಮೆ, ಧಾರವಾಡದ ಸುತ್ತ ಎರೆಮಣ್ಣಿಗೆ ಕೊರತೆಯಿಲ್ಲ. ಆದರೆ ಬರೀ ಎರೆಮಣ್ಣು ಮೆತ್ತಿದರೆ ಒಣಗಿದ ಮೇಲೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಳ್ಳದ ಮರಳು ಮಣ್ಣು, ಗೋಧಿ ಹೊಟ್ಟು, ಸಗಣಿ ಸೇರಿಸಿ ಎರಡು ರಾತ್ರಿ ನೆನೆಸಿಟ್ಟು, ತುಳಿದು, ಚಪಾತಿ ಹಿಟ್ಟಿನ ಹದಕ್ಕೆ ತಂದುಕೊಂಡರೆ ನಿಲ್ಲುತ್ತದೆ. ನೆಲ ಸಾರಿಸಲು ಶಾಲೆಯ ಹತ್ತಿರದ ಹಳ್ಳಿಯಿಂದ ಒಬ್ಬ ಅಜ್ಜಿಯನ್ನು ಕರೆತಂದಿದ್ದೆ. ಅವರು ಬೆರಳು ನೆಲಕ್ಕೆ ಒತ್ತಿ ನೋಡಿ, "ಇನ್ನಾ ಹಸಿ ಐತಿ ತಮ್ಮಾ, ಈಗ ಸಾರಿಸಿದರ ಪದರ ಏಳತೈತಿ" ಅಂತ ಹೇಳಿ ಸೀದಾ ಮನೆಗೆ ಹೋಗಿಬಿಟ್ಟರು. ಮರುದಿನ ಬಂದು ಅರ್ಧ ಗಂಟೆಯಲ್ಲಿ ಮುಗಿಸಿದರು. ಅವರು ಕೈ ಆಡಿಸಿದ ಅರೆಚಂದ್ರದ ಗುರುತುಗಳು ನೆಲದ ಮೇಲೆ ಉಳಿದವು, ನಾನು ಅವನ್ನು ಅಳಿಸಲಿಲ್ಲ.

ಇನ್ನು ಒಳಗಿನ ಸಾಮಾನು. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಇಂಥ ಮಾದರಿಗಳಲ್ಲಿ ಸಾಮಾನ್ಯವಾಗಿ ಒಂದು ಮೂಲೆಯಲ್ಲಿ "ದಿನನಿತ್ಯದ ಬದುಕು", ಇನ್ನೊಂದು ಮೂಲೆಯಲ್ಲಿ ಬೇಲಿ ಹಾಕಿ "ಶವಸಂಸ್ಕಾರ" ಅಂತ ಮಾಡಿರುತ್ತಾರೆ. ಇನಾಂಗಾಂವ್‌ನಲ್ಲಿ ಹಾಗೆ ಮಾಡಿದರೆ ಏನೂ ಅರ್ಥವಾಗುವುದಿಲ್ಲ. ಅಲ್ಲಿ ಸತ್ತವರನ್ನು ಊರ ಹೊರಗೆ ಒಯ್ಯುತ್ತಿರಲಿಲ್ಲ. ಮನೆಯ ನೆಲದ ಕೆಳಗೆ, ಇಲ್ಲಾ ಅಂಗಳದಲ್ಲಿ ಹೂಳುತ್ತಿದ್ದರು. ಒಲೆ, ಕಾಳು, ಗಡಿಗೆ, ಕೂಸಿನ ಸಮಾಧಿ ಎಲ್ಲಾ ಒಂದೇ ಸೂರಿನಡಿ. ಹಾಗಾಗಿ ನೋಡಲು ಬಂದವರು ಮೊದಲು ಕಾಳು ನೋಡಬೇಕು, ಆಮೇಲೆ ಕಾಳು ತುಂಬುವ ಪಾತ್ರೆ, ಅದಾದ ಮೇಲೆ ನೆಲದ ಕೆಳಗೆ ಇಣುಕಬೇಕು ಅಂತ ದಾರಿ ಗುರುತು ಹಾಕಿಕೊಂಡೆ.

ಕಾಳು ಅಂದರೆ ಅಲ್ಲಿ ಜವೆಗೋಧಿಯೇ (ಬಾರ್ಲಿ) ಮುಖ್ಯ. ಗೋಧಿ, ಬಟಾಣಿ, ಚನ್ನಂಗಿ ಬೇಳೆ, ಹುರುಳಿ, ಎಳ್ಳು ಕೂಡ ಇದ್ದವು. ಬೋರೆ, ನೆಲ್ಲಿ, ನೇರಳೆ, ಖರ್ಜೂರ ತಿನ್ನುತ್ತಿದ್ದರು. ದನ, ಎಮ್ಮೆ, ಕುರಿ, ಆಡು ಸಾಕುತ್ತಿದ್ದರು. ಜಿಂಕೆ, ಮೊಲ ಬೇಟೆಯಾಡುತ್ತಿದ್ದರು, ನದಿಯ ಮೀನು, ಏಡಿ, ಆಮೆ ಹಿಡಿಯುತ್ತಿದ್ದರು. ಮೊಸಳೆಯ ಮೂಳೆಯೂ ಸಿಕ್ಕಿದೆ. ಈ ಪಟ್ಟಿಯಲ್ಲಿ ಮಕ್ಕಳು ನಿಲ್ಲುವುದು ಮೊಸಳೆಯ ಹತ್ತಿರವೇ, ಹೇಗೂ ನಿಲ್ಲಲಿ ಅಂತ ಅದನ್ನು ದೊಡ್ಡದಾಗಿ ಬರೆದೆ. ಊರಿಗೆ ಒಡ್ಡು ಕಟ್ಟಿ ಕಾಲುವೆ ತೋಡಿಕೊಂಡಿದ್ದರು, ಅದನ್ನು ಬೇರೆ ಚಿಕ್ಕ ನಕ್ಷೆಯಲ್ಲಿ ತೋರಿಸಿದೆ.

ಒಂದು ವಿಷಯ ಮಾದರಿ ಮಾಡುವವರು ಗಮನಿಸಿ. ದುಂಡನೆಯ ಬೀಸುವ ಕಲ್ಲನ್ನು ದಯವಿಟ್ಟು ಇಡಬೇಡಿ. ಅದು ಬಹಳ ಆಮೇಲಿನದು. ಈ ಜನ ಹಿಟ್ಟು ಮಾಡುತ್ತಿದ್ದದ್ದು ನಡುವೆ ತಗ್ಗಾದ ಉದ್ದ ಚಪ್ಪಡಿಯ ಮೇಲೆ ಕಾಳು ಹಾಕಿ, ಮಂಡಿಯೂರಿ, ಇನ್ನೊಂದು ಕಲ್ಲಿನಿಂದ ಹಿಂದೆ ಮುಂದೆ ಉಜ್ಜಿ. ಒಂದು ಸಲ ಜವೆಗೋಧಿ ಹಾಕಿ ನಾನೂ ಉಜ್ಜಿ ನೋಡಿದೆ. ಎರಡು ಮುಷ್ಟಿ ಹಿಟ್ಟಾಗುವಷ್ಟರಲ್ಲಿ ಸೊಂಟ, ಮಂಡಿ ಎರಡೂ ಬೇಡ ಅಂದವು. ಹಿಟ್ಟಿನಲ್ಲಿ ಕಲ್ಲಿನ ಪುಡಿ ಬೇರೆ. ಕಬ್ಬಿಣದ ಸಾಮಾನೂ ಇಡಬೇಡಿ. ಕ್ಯಾಲ್ಸೆಡನಿ ಕಲ್ಲಿನ ಸಣ್ಣ ಅಲಗುಗಳು, ಅಲ್ಲೊಂದು ಇಲ್ಲೊಂದು ತಾಮ್ರ, ಅಷ್ಟೇ.

ಈಗ ಪಾತ್ರೆಗೆ ಬರೋಣ. ಇನಾಂಗಾಂವ್ ಮನೆಗಳ ನೆಲದಲ್ಲಿ ಕೆಲವು ಕಡೆ ನಾಲ್ಕು ಚಪ್ಪಟೆ ಕಲ್ಲುಗಳನ್ನು ಚೌಕಾಕಾರವಾಗಿ ಕೂರಿಸಿರುವುದು ಸಿಕ್ಕಿತು. ಸುಮ್ನೆ ನೋಡಿದರೆ ಏನೂ ಅನಿಸುವುದಿಲ್ಲ. ಕಾಳು ತುಂಬುವ ದೊಡ್ಡ ಮಣ್ಣಿನ ವಾಡೆಗೆ ನಾಲ್ಕು ಕಾಲುಗಳಿರುತ್ತಿದ್ದವು, ಒಂದೊಂದು ಕಾಲು ಒಂದೊಂದು ಕಲ್ಲಿನ ಮೇಲೆ ಕೂರುತ್ತಿತ್ತು. ನೆಲದ ತೇವ ತಟ್ಟಬಾರದಲ್ಲ. ಇದರ ಜೊತೆಗೆ ನಮ್ಮ ಬಯಲುಸೀಮೆಯ ಹಗೇವಿನಂಥ ಕಾಳಿನ ಗುಂಡಿಗಳೂ ಇದ್ದವು. ನಾನು ಕಲ್ಲುಗಳನ್ನು ಕೂರಿಸಿ, ವಾಡೆ ಇಟ್ಟು, ಅದರ ಬಾಯಿ ತೆರೆದೇ ಬಿಟ್ಟೆ, ಒಳಗೆ ಜವೆಗೋಧಿ ತುಂಬಿದೆ. ಈ ನಾಲ್ಕು ಕಾಲಿನ ವಾಡೆ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಗಡಿಗೆಗಳನ್ನು ಮಾಡಿಕೊಟ್ಟದ್ದು ಒಬ್ಬ ಕುಂಬಾರರು, ವಯಸ್ಸಾದವರು. ಎರಡು ಬಗೆ ಬೇಕಿತ್ತು. ಒಂದು ಜೋರ್ವೆ ಪಾತ್ರೆ. ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಜೋರ್ವೆ ಅನ್ನುವ ಊರಿನಲ್ಲಿ ಮೊದಲು ಸಿಕ್ಕಿದ್ದರಿಂದ ಆ ಹೆಸರು. ತಿಗರಿಯ ಮೇಲೆ ತೆಗೆದದ್ದು, ಕೆಂಪು, ಚೆನ್ನಾಗಿ ಸುಟ್ಟದ್ದು, ಬೆರಳಲ್ಲಿ ತಟ್ಟಿದರೆ ಠಣ್ ಅನ್ನಬೇಕು, ಮೇಲೆ ಕಪ್ಪು ಗೆರೆಯ ಚಿತ್ತಾರ. ಗಿಂಡಿಯ ಹಾಗೆ ಕೊಳವೆ ಬಾಯಿ ಇರುವ ಪಾತ್ರೆ ಮತ್ತು ನಡು ಮಡಿಚಿದ ಬಟ್ಟಲು, ಇವೆರಡೇ ಅದರ ಗುರುತು. ಇನ್ನೊಂದು ಬಗೆ ಬೂದು ಬಣ್ಣದ ಒರಟು ಗಡಿಗೆ, ಕೈಯಲ್ಲೇ ಮಾಡಿದ್ದು. ಇದು ಯಾತಕ್ಕೆ ಅಂತ ಕೇಳಿದರು. ಕೂಸು ಸತ್ತರೆ ಇಂಥ ಎರಡು ಗಡಿಗೆಗಳ ಒಳಗಿಟ್ಟು, ಬಾಯಿಗೆ ಬಾಯಿ ಕೂಡಿಸಿ, ಮನೆಯೊಳಗೇ ಅಡ್ಡ ಮಲಗಿಸಿ ಹೂಳುತ್ತಿದ್ದರು ಅಂದೆ. ಬೇಡ ಅಂದುಬಿಟ್ಟರೆ ಅನ್ನುವ ಅಳುಕು ನನಗಿತ್ತು. ಅವರು ಮಣ್ಣು ಕಲಸುತ್ತಲೇ, "ಮದುವಿಗೆ ಐರಾಣಿ ಗಡಿಗಿ ನಮ್ಮ ಮನಿಯಿಂದನ ಹೋಗತಾವು, ಮಣ್ಣಿಗೂ ನಮ್ಮ ಗಡಿಗಿನ ಬೇಕು. ಇದರಾಗ ಹೊಸಾದೇನೈತ್ರೀ?" ಅಂದರು. ಆಮೇಲೆ ಅವರು ಕೇಳಿದ ಒಂದೇ ಪ್ರಶ್ನೆ, ಕೂಸು ಎಷ್ಟು ತಿಂಗಳದ್ದು ಅಂತ. ಬಾಯಿ ಎಷ್ಟು ಅಗಲ ಬಿಡಬೇಕು ಅಂತ ಗೊತ್ತಾಗಬೇಕಿತ್ತು.

ಕೈಯಲ್ಲಿ ಮಾಡಿದ ಎರಡು ಗಡಿಗೆಗಳ ಅಂಚು ಯಾವತ್ತೂ ಸರಿಯಾಗಿ ಕೂಡುವುದಿಲ್ಲ. ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ ಬೆರಳು ಹೋಗುವಷ್ಟು ಸಂದು. ಒಂದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಎರಡೂ ಹೊಂದಿಕೊಳ್ಳುತ್ತವೆ. ಉಳಿದ ಸಂದಿಗೆ ಹಸಿ ಮಣ್ಣು ಮೆತ್ತಿದೆ. ಗುಂಡಿಯಲ್ಲಿ ಉತ್ತರ ದಕ್ಷಿಣವಾಗಿ ಮಲಗಿಸಿ, ಪಕ್ಕದಲ್ಲಿ ಒಂದು ಜೋರ್ವೆ ಗಿಂಡಿ, ಒಂದು ಬಟ್ಟಲು ಇಟ್ಟೆ. ಅಲ್ಲಿ ಸಿಕ್ಕಿದ್ದೂ ಹಾಗೇ, ಸತ್ತವರ ಜೊತೆಗೆ ಪಾತ್ರೆಗಳು. ಮನೆಯಲ್ಲಿ ಊಟಕ್ಕೆ ಬಳಸುವ ನಮೂನೆಯವೇ. ನಾನೂ ಬೇಕೆಂದೇ ಮೇಲಿನ ಒಲೆಯ ಪಕ್ಕ ಇಟ್ಟ ಬಟ್ಟಲು ಮತ್ತು ಕೆಳಗೆ ಇಟ್ಟ ಬಟ್ಟಲು ಎರಡನ್ನೂ ಒಂದೇ ಆವಿಗೆಯಲ್ಲಿ ಸುಡಿಸಿದ್ದೆ.

ಆಮೇಲೆ ನೆಲ ಕೊಯ್ಯುವ ಕೆಲಸ. ಮನೆಯನ್ನು ಎರಡೂವರೆ ಅಡಿ ಎತ್ತರದ ಜಗಲಿಯ ಮೇಲೆ ಕಟ್ಟಿದ್ದರಿಂದ ಒಂದು ಬದಿಯನ್ನು ಸೀಳಿ, ದಪ್ಪ ಗಾಜು ಹಾಕಿ ತೋರಿಸಲು ಸಾಧ್ಯವಾಯಿತು. ಮೇಲೆ ನಿಂತರೆ ಅಜ್ಜಿ ಸಾರಿಸಿದ ನೆಲ, ಒಲೆ, ವಾಡೆ. ಕೆಳಗೆ ಕೂತು ನೋಡಿದರೆ ಅದೇ ನೆಲದ ಗೇಣುದ್ದ ಕೆಳಗೆ ಗಡಿಗೆಗಳು. ಒಂದು ಗಡಿಗೆಯ ಪಕ್ಕವನ್ನು ಸ್ವಲ್ಪ ಒಡೆದು, ಒಳಗೆ ಪ್ಲಾಸ್ಟರಿನ ಸಣ್ಣ ಮೂಳೆಗಳು ಅರೆಬರೆ ಕಾಣುವ ಹಾಗೆ ಇಟ್ಟೆ. ತಲೆಬುರುಡೆ ಇಡಲಿಲ್ಲ. ಮೂಳೆ ಕಂಡರೆ ಸಾಕು, ತಲೆಬುರುಡೆ ಇಟ್ಟರೆ ಮಕ್ಕಳು ಬೇರೇನನ್ನೂ ನೋಡುವುದಿಲ್ಲ.

ಇಷ್ಟಾದ ಮೇಲೆ ಆಡಳಿತದವರು ಬಂದು ನೋಡಿ, ಗಾಜಿನ ಮುಂದೆ ಒಂದು ಪರದೆ ಹಾಕಿಬಿಡಿ, ಮಕ್ಕಳು ಹೆದರುತ್ತಾರೆ, ಶಾಲೆಯೊಳಗೆ ಇದೆಲ್ಲಾ ಅಪಶಕುನ ಅಂತ ಪೋಷಕರು ಗಲಾಟೆ ಮಾಡುತ್ತಾರೆ ಅಂದರು. ನನಗೆ ಸಿಟ್ಟು ಬಂತು, ಆದರೆ ಬಿಲ್ಲು ಬಾಕಿ ಇತ್ತು. ಮೇಡಂ ಜಾಣರು. ಒಂದು ತರಗತಿಯ ಮಕ್ಕಳನ್ನು ಕರೆತಂದು ಏನೂ ಹೇಳದೆ ಬಿಟ್ಟರು. ಹೆದರಿದವರು ಯಾರೂ ಕಾಣಲಿಲ್ಲ. "ಅದರ ಮೇಲೇ ಮಲಗ್ತಿದ್ರಾ?" ಅಂತ ಒಬ್ಬ ಹುಡುಗ ಕೇಳಿದ. ಹೌದು, ಅಲ್ಲೇ ಅಡುಗೆ, ಅಲ್ಲೇ ನಿದ್ದೆ ಅಂದೆ. "ಹಂಗಾದ್ರೆ ಕೂಸು ಒಂಟಿ ಆಗಲ್ಲ ಬಿಡ್ರಿ" ಅಂದಳು ಪಕ್ಕದ ಹುಡುಗಿ. ಪರದೆಯ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ನೆಲದ ಕೆಳಗೆ ಬರೀ ಸತ್ತವರೇ ಇದ್ದರು ಅಂದುಕೊಳ್ಳಬೇಡಿ. ಇನಾಂಗಾಂವ್‌ನ ಒಂದು ಮನೆಯ ನೆಲದಲ್ಲಿ ಮುಚ್ಚಳವಿರುವ ಮಣ್ಣಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಸುಡದ ಮಣ್ಣಿನ, ತಲೆಯಿಲ್ಲದ ಹೆಣ್ಣಿನ ಗೊಂಬೆ. ಜೊತೆಗೆ ಇನ್ನೊಂದು ಹೆಣ್ಣು ಗೊಂಬೆ, ಒಂದು ಗೂಳಿ. ತಲೆಯಿಲ್ಲದ ಗೊಂಬೆಯ ಹೊಟ್ಟೆಯಲ್ಲಿ ಒಂದು ತೂತು, ಗೂಳಿಯ ಬೆನ್ನಲ್ಲಿ ಒಂದು ತೂತು. ಕಡ್ಡಿ ಸಿಕ್ಕಿಸಿ ಅವಳನ್ನು ಗೂಳಿಯ ಮೇಲೆ ಕೂರಿಸಬಹುದಿತ್ತು. ಇದನ್ನೂ ಮಾಡಿ ಇನ್ನೊಂದು ಮೂಲೆಯ ನೆಲದಲ್ಲಿ ಇಟ್ಟೆ. ದೇವರೂ ನೆಲದ ಕೆಳಗೆ, ಕಾಳೂ ನೆಲದ ಕೆಳಗೆ, ಕೂಸೂ ನೆಲದ ಕೆಳಗೆ.

ದೊಡ್ಡವರ ಸಮಾಧಿಗೆ ಜಾಗ ಸಾಲಲಿಲ್ಲ, ಅದನ್ನು ಗೋಡೆಯ ಮೇಲೆ ನಿಜ ಅಳತೆಯ ಚಿತ್ರವಾಗಿ ಬರೆದೆ. ದೊಡ್ಡವರನ್ನು ಗುಂಡಿಯಲ್ಲಿ ಉದ್ದಕ್ಕೆ, ತಲೆ ಉತ್ತರಕ್ಕೆ ಮಾಡಿ ಮಲಗಿಸುತ್ತಿದ್ದರು. ಪಾದಗಳನ್ನು ಕಣಕಾಲಿನ ಹತ್ತಿರ ಕತ್ತರಿಸಿರುತ್ತಿದ್ದರು. ಸತ್ತವರು ಎದ್ದು ಓಡಾಡಬಾರದು ಅಂತಲೋ, ಮನೆ ಬಿಟ್ಟು ಹೋಗಬಾರದು ಅಂತಲೋ ಹಾಗೆ ಮಾಡಿರಬಹುದು ಅಂತ ವಿದ್ವಾಂಸರ ಊಹೆ. ಚಿತ್ರದ ಪಕ್ಕ ನಾನು ಕಾರಣ ಬರೆಯಲಿಲ್ಲ, ಖಾಲಿ ಹಲಗೆ ಮತ್ತು ಸೀಮೆಸುಣ್ಣ ಇಟ್ಟೆ. ದೆವ್ವದ ಕಾಲು ಹಿಂದುಮುಂದು ಇರುತ್ತೆ ಅಂತ ಕೇಳಿಕೊಂಡು ಬೆಳೆದ ಮಕ್ಕಳು, ಕಾಲಿಗೂ ದೆವ್ವಕ್ಕೂ ನಂಟು ಅವರೇ ಹಾಕಿದರು. ಆದರೆ ಹಲಗೆಯ ಮೇಲೆ ಜಾಸ್ತಿ ಇದ್ದ ಉತ್ತರ, ಮನೆ ಬಿಟ್ಟು ಹೋಗಬಾರದು ಅಂತ.

ಈಗ ಆ ನಾಲ್ಕು ಕಾಲಿನ ವಾಡೆ. ಊರ ನಡುವೆ ಐದು ಕೋಣೆಗಳ ದೊಡ್ಡ ಮನೆಯೊಂದಿತ್ತು, ಅದಕ್ಕೆ ಕಣಜವೂ ಇತ್ತು. ಅದರ ಅಂಗಳದಲ್ಲಿ ನಾಲ್ಕು ಕಾಲಿನ ದೊಡ್ಡ ಮಣ್ಣಿನ ವಾಡೆ, ಅದರೊಳಗೆ ಕಾಲು ಮಡಚಿ ಕೂತ ಗಂಡಸಿನ ಅಸ್ಥಿಪಂಜರ. ಅವನ ಪಾದ ಕತ್ತರಿಸಿರಲಿಲ್ಲ. ಊರಿನ ಮುಖ್ಯಸ್ಥನಿರಬೇಕು, ಊರಿನ ಕಾಳು ಅವನ ಸುಪರ್ದಿಯಲ್ಲಿ ಇದ್ದಿರಬೇಕು ಅಂತ ಅಗೆದವರ ಅಭಿಪ್ರಾಯ. ನಾನು ಇದನ್ನು ಅಂಗಳದಲ್ಲಿ ಮಾಡಿ, ಮನೆಯೊಳಗಿನ ಕಾಳಿನ ವಾಡೆಯಿಂದ ನೇರ ಕಣ್ಣಿಗೆ ಬೀಳುವ ಹಾಗೆ ಇಟ್ಟೆ. ಏನೂ ವಿವರಿಸಬೇಕಾಗಲಿಲ್ಲ. ಕಾಳಿನ ವಾಡೆ ನೋಡಿ ಬಂದವರು ಇದನ್ನು ನೋಡಿ, ತಿರುಗಿ ಮತ್ತೊಮ್ಮೆ ಒಳಗಿನದನ್ನು ನೋಡುತ್ತಾರೆ. ಕಾಳಿನ ಯಜಮಾನನನ್ನು ಕಾಳಿನ ಪಾತ್ರೆಯಂಥದ್ದರಲ್ಲೇ ಕೂರಿಸಿದರಾ ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಉತ್ತರ ಹೌದು ಅಂತಲೇ ನನಗೆ ಅನಿಸುತ್ತದೆ, ಆದರೆ ಅದು ನನ್ನ ಅನಿಸಿಕೆ.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ಉದ್ಘಾಟನೆಯ ದಿನ ಹಿರಿಯರೊಬ್ಬರು ಕೂತಿರುವ ಅಸ್ಥಿಪಂಜರ ನೋಡಿ, "ಇಂವಾ ನಮ್ಮವನ ಏನ್ರೀ?" ಅಂದರು. ಲಿಂಗಾಯತರಲ್ಲಿ ಸತ್ತವರನ್ನು ಪದ್ಮಾಸನದಲ್ಲಿ ಕೂರಿಸಿ ಸಮಾಧಿ ಮಾಡುತ್ತಾರಲ್ಲ. ಬಸವಣ್ಣನವರು 12ನೇ ಶತಮಾನದವರು, ಇವನು ಅದಕ್ಕಿಂತ ಸುಮಾರು ಎರಡು ಸಾವಿರ ವರ್ಷ ಹಿಂದಿನವನು, ನಡುವೆ ದಾರ ಪೋಣಿಸಲು ಆಗಲ್ಲ ಅಂತ ಹೇಳಿದೆ. ಅವರು ಒಪ್ಪಿದ ಹಾಗೆ ಕಾಣಲಿಲ್ಲ. ಹಾಗೆ ನೋಡಿದರೆ, ಹೆಣ ಸುಡುವ ಮನೆತನಗಳಲ್ಲೂ ಹಸುಗೂಸನ್ನು ಹೂಳುವುದು ಇವತ್ತಿಗೂ ಇದೆ. ಇಂಥ ಹೋಲಿಕೆ ಹುಡುಕುತ್ತಾ ಹೋದರೆ ಎಲ್ಲೆಲ್ಲೂ ಸಿಗುತ್ತವೆ.

ನಿಜವಾದ ನಂಟು ಬೇಕಿದ್ದರೆ ನಮ್ಮಲ್ಲೇ ಅಗೆದ ಊರುಗಳಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಕೂಸುಗಳನ್ನು ಗಡಿಗೆಯಲ್ಲಿ ಹೂಳಿದ್ದು ಸಿಕ್ಕಿತು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ, ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾಯರು 1960ರ ದಶಕದಲ್ಲಿ ಅಗೆದರು. ಹಳ್ಳೂರಿನಲ್ಲಿ ಎರಡು ಗಡಿಗೆಗಳನ್ನು ಬಾಯಿಗೆ ಬಾಯಿ ಕೂಡಿಸಿದ ಮಕ್ಕಳ ಸಮಾಧಿಯೇ ಸಿಕ್ಕಿದೆ. ಧಾರವಾಡದಿಂದ ಹಳ್ಳೂರು ಎಷ್ಟು ದೂರ ಹೇಳಿ? ಮುಂದಿನ ಸಲ ಯಾರಾದರೂ ಕೇಳಿದರೆ ಪುಣೆಯವರೆಗೆ ಹೋಗಬೇಡಿ, ಹಳ್ಳೂರನ್ನೇ ಮಾಡೋಣ ಅನ್ನುತ್ತೇನೆ.

ನಮ್ಮ ಶಾಲೆಗೂ ಇಂಥದ್ದು ಬೇಕು, ಖರ್ಚು ಎಷ್ಟಾಗುತ್ತೆ ಅಂತ ಆಮೇಲೆ ಕೆಲವರು ಫೋನ್ ಮಾಡಿದರು. ಖರ್ಚು ಜಾಸ್ತಿ ಬರುವುದು ಬಿದಿರಿಗೆ, ಗಾಜಿಗೆ, ಸಾಗಾಣಿಕೆಗೆ. ಮಣ್ಣು, ಗಡಿಗೆಯ ಖರ್ಚು ಏನೂ ಅಲ್ಲ. ಮನೆ ಒಳಾಂಗಣದಲ್ಲಿ ಇರಲಿ, ತಡಿಕೆಯ ಬುಡಕ್ಕೆ ಗೆದ್ದಲು ಹತ್ತದ ಹಾಗೆ ವರ್ಷಕ್ಕೊಮ್ಮೆ ನೋಡಿಕೊಳ್ಳಿ, ನೆಲವನ್ನು ಆಗಾಗ ಸಾರಿಸುತ್ತಿರಿ. ದುಡ್ಡು ಕಡಿಮೆ ಇದ್ದರೆ ಗೋಡೆ ಬಿಟ್ಟುಬಿಡಿ, ಚಾವಣಿಯಂತೂ ಬೇಡವೇ ಬೇಡ. ಒಂದು ಒಲೆ, ನಾಲ್ಕು ಕಲ್ಲಿನ ಮೇಲೆ ಒಂದು ವಾಡೆ, ಕೊಯ್ದ ನೆಲ, ಅದರ ಕೆಳಗೆ ಎರಡು ಗಡಿಗೆ, ಇಷ್ಟನ್ನು ಒಂದು ಕೋಣೆಯ ಮೂಲೆಯಲ್ಲೂ ಮಾಡಬಹುದು. ಗಡಿಗೆಗಳನ್ನು ಮಾತ್ರ ಫೈಬರಿನಲ್ಲಿ ಮಾಡಿಸಬೇಡಿ, ಕುಂಬಾರರ ಹತ್ತಿರವೇ ಹೋಗಿ.